ಕೇಪಿನ ಪಿಸ್ತೂಲಿಗೆ ಸರಿಯಾದ ಈಡು ಹುಡುಕಿದ ಎಂಟು ತಿಂಗಳು

ಹೋದ ವಾರ 25 ಮೀಟರ್ ದೂರದಿಂದ, ಮರಳಿನ ದಿಂಬಿನ ಮೇಲೆ ಕೈ ಇಟ್ಟು ಹೊಡೆದ ಹತ್ತು ಗುಂಡುಗಳು 45 ಮಿಲಿಮೀಟರ್ ಒಳಗೆ ಬಿದ್ದವು. ಆ ಹಾಳೆಯನ್ನು ಮಡಚದೆ ಇಟ್ಟುಕೊಂಡಿದ್ದೇನೆ. ನನ್ನ ಕೇಪಿನ ಪಿಸ್ತೂಲಿಗೆ ಸರಿಯಾದ ಈಡು, ಅಂದರೆ ಒಂದು ಸಲಕ್ಕೆ ತುಂಬುವ ಮದ್ದು, ಬಟ್ಟೆ, ಗುಂಡಿನ ಜೋಡಣೆ, ಸಿಗಲು ಎಂಟು ತಿಂಗಳು ಹಿಡಿಯಿತು. ಅದರಲ್ಲಿ ಕಡಿಮೆ ಅಂದರೂ ನಾಲ್ಕು ತಿಂಗಳು ಉಳಿಸಬಹುದಿತ್ತು. ನಾನು ತಪ್ಪು ಕಡೆ ಹುಡುಕುತ್ತಿದ್ದೆ, ಅಷ್ಟೇ. ಈಗ ಶುರು ಮಾಡುವವರಿಗೆ ಆ ನಾಲ್ಕು ತಿಂಗಳು ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಇಲ್ಲಿ ಬರುವ ಅಂಕಿಗಳು ನನ್ನ ಪಿಸ್ತೂಲಿನವು. ನಿಮ್ಮದಕ್ಕೆ ಅದರ ತಯಾರಕರು ಕೊಟ್ಟ ಕೈಪಿಡಿಯಲ್ಲಿ ಗರಿಷ್ಠ ಎಷ್ಟು ಅಂತ ಇದೆಯೋ ಅದೇ ಕೊನೆ ಗೆರೆ. ಮತ್ತೆ, ಹೀಗೆ ನಳಿಗೆಯ ಬಾಯಿಂದ ತುಂಬುವ ಪಿಸ್ತೂಲಿಗೆ ಕಪ್ಪು ಮದ್ದು ಮಾತ್ರ. ಹೊಗೆಯಿಲ್ಲದ ಈಗಿನ ಮದ್ದು ಒಂದು ಚಿಟಿಕೆಯೂ ಬೇಡ, ನಳಿಗೆ ಸಿಡಿದು ಕೈ ಹೋಗುತ್ತದೆ.

ನನ್ನದು .45 ಬೋರಿನ (ನಳಿಗೆಯ ಒಳ ಅಗಲ 0.45 ಇಂಚು) ಒಂಟಿ ಈಡಿನ ಕೇಪಿನ ಪಿಸ್ತೂಲು, ಹಳೆಯದರ ಪ್ರತಿಕೃತಿ. ಕೇಪು ಅಂದರೆ ಪೆಟ್ಟು ಬಿದ್ದಾಗ ಸಿಡಿದು ಮದ್ದಿಗೆ ಬೆಂಕಿ ಮುಟ್ಟಿಸುವ ಪುಟ್ಟ ಲೋಹದ ಟೋಪಿ. ಇನ್ನೊಬ್ಬರು ಬಳಸಿದ್ದನ್ನು ಕೊಂಡದ್ದು. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ಈ ಬಗೆಯ ಪಿಸ್ತೂಲಿಗೆ ಎಂಎಲ್‌ಎಐಸಿ ಎಂಬ ಬಾಯಿಂದ ತುಂಬುವ ಆಯುಧಗಳ ಅಂತಾರಾಷ್ಟ್ರೀಯ ಸಮಿತಿಯ ಸ್ಪರ್ಧೆಗಳಲ್ಲಿ ಇರುವ ವಿಭಾಗದ ಹೆಸರು ಕುಖೆನ್‌ರಾಯ್ಟರ್. ಜರ್ಮನಿಯ ರೇಗನ್ಸ್‌ಬರ್ಗ್‌ನಲ್ಲಿ ಪಿಸ್ತೂಲು ಮಾಡುತ್ತಿದ್ದ ಒಂದು ಮನೆತನದ ಹೆಸರು ಅದು. ನಿಂತು, ಒಂದೇ ಕೈಯಲ್ಲಿ, 25 ಮೀಟರ್‌ಗೆ ಹೊಡೆಯಬೇಕು. 30 ನಿಮಿಷದಲ್ಲಿ 13 ಈಡು, ಅದರಲ್ಲಿ ಚೆನ್ನಾಗಿ ಬಿದ್ದ 10 ಲೆಕ್ಕಕ್ಕೆ. ಗುರಿಹಾಳೆಯ ಹತ್ತರ ವೃತ್ತ 50 ಮಿಲಿಮೀಟರ್ ಅಗಲ. ಹಾಗಾಗಿ ನನ್ನ ಗುರಿ ಸರಳವಾಗಿತ್ತು. ಪಿಸ್ತೂಲು ತಾನಾಗಿ 50 ಮಿಲಿಮೀಟರ್ ಒಳಗೆ ಹೊಡೆಯಬೇಕು, ಆಮೇಲೆ ತಪ್ಪಿದರೆ ಅದು ನನ್ನ ಕೈಯ ತಪ್ಪು ಅಂತ ಗೊತ್ತಾಗಬೇಕು.

ಶುರುವಿನಲ್ಲಿ ಕಾದದ್ದೇ ಜಾಸ್ತಿ. ಪಿಸ್ತೂಲಿನ ಕಾಗದ ಬೇರೆ, ಮದ್ದು ಕೊಂಡು ಮನೆಯಲ್ಲಿ ಇಡುವುದಕ್ಕೆ ಅನುಮತಿ ಬೇರೆ. ಒಂದು ದೇಶದ ನಿಯಮ ಇನ್ನೊಂದರಲ್ಲಿ ಇಲ್ಲ, ಆದ್ದರಿಂದ ನಿಮ್ಮಲ್ಲಿ ಏನು ಬೇಕು ಅಂತ ಪಿಸ್ತೂಲು ಕೊಳ್ಳುವ ಮೊದಲೇ ಕೇಳಿ. ನಾನು ಪಿಸ್ತೂಲು ಕೊಂಡ ಮೇಲೆ ಕೇಳಿದೆ. ಎರಡನೇ ಕಾಗದ ಬರುವವರೆಗೆ ಏಳು ವಾರ ಅದನ್ನು ಒರೆಸಿ ಒರೆಸಿ ಇಡುವುದೇ ಆಯಿತು. ಆ ಏಳು ವಾರದಲ್ಲಿ ಮಾಡಬೇಕಾದ ಕೆಲಸ ಬೇಕಾದಷ್ಟಿತ್ತು. ನಳಿಗೆಯ ಒಳ ಅಳತೆ ತೆಗೆಯುವುದು, ಗುಂಡು ಎರಕ ಹೊಯ್ಯುವುದನ್ನು ಕಲಿಯುವುದು, ಗುಂಡಿಗೆ ಸುತ್ತುವ ಬಟ್ಟೆ ಹುಡುಕುವುದು, ಕೇಪು ಕೂರುವ ನಿಪ್ಪಲ್ ಬಿಚ್ಚಿ ನೋಡುವುದು. ಒಂದನ್ನೂ ಮಾಡಲಿಲ್ಲ. ನೀವು ಮಾಡಿ.

ಮೊದಲ ದಿನ ನೆನಪಿಸಿಕೊಂಡರೆ ಈಗಲೂ ಬೇಜಾರಾಗುತ್ತದೆ. ಮೊದಲ ಈಡು ತುಂಬಿ, ಗಜ ಅನ್ನುವ ಕೋಲಿನಿಂದ ಗುಂಡು ಇಳಿಸಿ, ಕೇಪು ಹಾಕಿ ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಬಿಟ್ಟರೆ 'ಟಪ್' ಅಂತ ಕೇಪು ಮಾತ್ರ ಸಿಡಿಯಿತು. ತುಕ್ಕು ಹಿಡಿಯದಿರಲಿ ಅಂತ ಹಚ್ಚಿದ್ದ ಎಣ್ಣೆ ನಿಪ್ಪಲಿನ ರಂಧ್ರದಲ್ಲಿ ಕೂತಿತ್ತು. ಹೀಗಾದರೆ ಗಾಬರಿಯಾಗಿ ಪಿಸ್ತೂಲು ತಿರುಗಿಸಿ ನೋಡಬೇಡಿ. ಬಾಯಿಯನ್ನು ಗುರಿಯ ಕಡೆಗೇ ಇಟ್ಟು ಒಂದು ನಿಮಿಷ ಪೂರ್ತಿ ಕಾಯಿರಿ, ಎಷ್ಟೋ ಸಲ ಮದ್ದು ತಡವಾಗಿ ಹತ್ತಿಕೊಳ್ಳುತ್ತದೆ. ಆಮೇಲೆ ಹೊಸ ಕೇಪು ಹಾಕಿ. ಈಗ ನಾನು ಹೊಡೆಯುವ ದಿನ ಮೊದಲು ಒಣ ಬಟ್ಟೆಯಿಂದ ನಳಿಗೆ ಒರೆಸಿ, ಈಡು ತುಂಬುವ ಮುಂಚೆ ಬರೀ ಕೇಪು ಎರಡು ಸಿಡಿಸುತ್ತೇನೆ. ಬಾಯಿಯ ಮುಂದೆ ನೆಲದ ಮೇಲಿರುವ ಒಂದು ಹುಲ್ಲಿನ ಎಳೆ ಅಲುಗಾಡಿದರೆ ದಾರಿ ತೆರೆದಿದೆ ಅಂತ ಅರ್ಥ.

ಈಡು ಹೊಡೆದ ಮೇಲೂ ಖುಷಿ ಇರಲಿಲ್ಲ. ಯಾರೋ ಹೇಳಿದ್ದರು ಅಂತ 30 ಗ್ರೇನ್ ಮದ್ದು ಹಾಕಿದ್ದೆ. ಒಂದು ಗ್ರೇನ್ ಅಂದರೆ 0.065 ಗ್ರಾಂ, ಹಾಗಾಗಿ ಸುಮಾರು ಎರಡು ಗ್ರಾಂ. ಕೈಪಿಡಿಯ ಮಿತಿಯೊಳಗೇ ಇತ್ತು. ಆದರೆ ಹತ್ತು ಗುಂಡು ಹಾಳೆಯ ಕಪ್ಪು ಭಾಗದಲ್ಲೂ ನಿಲ್ಲಲಿಲ್ಲ. ಆ ಕಪ್ಪು ಭಾಗವೇ 200 ಮಿಲಿಮೀಟರ್ ಅಗಲ ಇದೆ.

ಆಮೇಲೆ ಎರಡು ತಿಂಗಳು ಮದ್ದಿನ ಹಿಂದೆ ಬಿದ್ದೆ. 15 ಗ್ರೇನ್‌ನಿಂದ ಶುರು ಮಾಡಿ ಎರಡೆರಡೇ ಗ್ರೇನ್ ಏರಿಸುತ್ತಾ ಹೋಗುವುದು, ಒಂದೊಂದಕ್ಕೂ ಮೂರು ಗುಂಡು. ಇಲ್ಲಿ ಎರಡು ತಪ್ಪು ಮಾಡಿದೆ. ಮೂರು ಗುಂಡು ಏನನ್ನೂ ಹೇಳುವುದಿಲ್ಲ. ಒಂದು ದಿನ 19 ಗ್ರೇನ್‌ಗೆ ಮೂರು ಗುಂಡು ಒಂದರ ಪಕ್ಕ ಒಂದು ಬಿದ್ದವು, ಸಿಕ್ಕಿತು ಅಂತ ಮನೆಗೆ ಬಂದೆ, ಮುಂದಿನ ವಾರ ಅದೇ ಈಡು ಒಂದು ಗೇಣು ಹರಡಿತು. ಕಡಿಮೆ ಅಂದರೂ ಐದು ಹೊಡೆಯಿರಿ, ಇದೇ ಇರಬಹುದು ಅನ್ನಿಸಿದರೆ ಹತ್ತು. ಇನ್ನೊಂದು ತಪ್ಪು ಅಂದರೆ ಮದ್ದಿನ ಜೊತೆಗೆ ಬೇರೆಯದನ್ನೂ ಬದಲಾಯಿಸುತ್ತಿದ್ದದ್ದು. ಒಂದು ದಿನ ಬಟ್ಟೆ ಬೇರೆ, ಇನ್ನೊಂದು ದಿನ ಬಟ್ಟೆಗೆ ಹಚ್ಚುವ ಜಿಡ್ಡು ಬೇರೆ. ಗುಂಪು, ಅಂದರೆ ಗುಂಡುಗಳು ಹರಡಿದ ಅಗಲ, ಚಿಕ್ಕದಾದರೆ ಯಾವುದರಿಂದ ಆಯಿತು ಅಂತ ಗೊತ್ತಾಗುತ್ತಿರಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ. ಇದನ್ನು ಎಲ್ಲರೂ ಹೇಳುತ್ತಾರೆ, ನನಗೂ ಹೇಳಿದ್ದರು, ಆದರೆ ಬಿಸಿಲಲ್ಲಿ ಗುಂಡು ಎಲ್ಲೆಲ್ಲೋ ಬೀಳುತ್ತಿರುವಾಗ ಸುಮ್ನೆ ಕೂರಲು ಮನಸ್ಸು ಬರುವುದಿಲ್ಲ.

ಆ ಎರಡು ತಿಂಗಳಲ್ಲಿ ಉಪಯೋಗಕ್ಕೆ ಬಂದದ್ದು ಮೂರು ವಿಷಯ. ಕಾಳಿನ ಗಾತ್ರ ಮೊದಲನೆಯದು. ಕಪ್ಪು ಮದ್ದಿನ ಡಬ್ಬಿಯ ಮೇಲೆ ಎಫ್ ಅಕ್ಷರ ಹೆಚ್ಚಾದಷ್ಟೂ ಕಾಳು ಸಣ್ಣ. ಎರಡು ಎಫ್‌ನದು ನನ್ನ ಚಿಕ್ಕ ನಳಿಗೆಯಲ್ಲಿ ಮಸಿ ಜಾಸ್ತಿ ಬಿಡುತ್ತಿತ್ತು, ಮೂರು ಎಫ್‌ನದು ಚೆನ್ನಾಗಿ ಉರಿಯುತ್ತದೆ. ಸ್ವಿಸ್ ಮದ್ದು ಬಳಸುವವರು ಇದೇ ಕೆಲಸಕ್ಕೆ ಅದರ 2ನೇ ನಂಬರ್ ಹಾಕುತ್ತಾರೆ. ಎರಡನೆಯದು ಅಳತೆ. ಮದ್ದನ್ನು ಅಳತೆ ಕೊಳವೆಯಲ್ಲಿ ತುಂಬುವಾಗ ಒಮ್ಮೆ ತಟ್ಟಿದರೆ ಒಂದು ತೂಕ, ತಟ್ಟದಿದ್ದರೆ ಇನ್ನೊಂದು. ಈಗ ಮನೆಯಲ್ಲೇ ಒಂದೊಂದು ಈಡನ್ನೂ ತೂಗಿ ಪುಟ್ಟ ಪ್ಲಾಸ್ಟಿಕ್ ಕೊಳವೆಗಳಿಗೆ ತುಂಬಿ ಮುಚ್ಚಳ ಹಾಕಿ ಒಯ್ಯುತ್ತೇನೆ. ಇದು ನಿಖರತೆಗೆ ಮಾತ್ರ ಅಲ್ಲ. ನಳಿಗೆಯಲ್ಲಿ ಒಂದು ಕಿಡಿ ಉಳಿದಿದ್ದರೆ, ದೊಡ್ಡ ಡಬ್ಬಿಯಿಂದ ನೇರವಾಗಿ ಸುರಿಯುವವರ ಕೈಯಲ್ಲಿ ಇಡೀ ಡಬ್ಬಿ ಹತ್ತಿಕೊಳ್ಳುತ್ತದೆ. ಹಾಗೆ ಯಾವತ್ತೂ ಸುರಿಯಬೇಡಿ.

ಮೂರನೆಯದು ನನಗೆ ತುಂಬಾ ಗೊಂದಲ ಮಾಡಿತ್ತು. ಮದ್ದು ಕಡಿಮೆ ಮಾಡಿದಾಗ ಗುಂಡು ಕೆಳಗೆ ಬೀಳಬೇಕು ಅಲ್ವಾ? ನನ್ನದು ಮೇಲೆ ಬಿತ್ತು. ಆಮೇಲೆ ತಿಳಿಯಿತು, ಪಿಸ್ತೂಲು ಒದೆಯುವಾಗ ಬಾಯಿ ಮೇಲಕ್ಕೆ ಏಳುತ್ತದೆ, ನಿಧಾನದ ಗುಂಡು ನಳಿಗೆಯಲ್ಲಿ ಜಾಸ್ತಿ ಹೊತ್ತು ಇರುವುದರಿಂದ ಹೊರಬೀಳುವಷ್ಟರಲ್ಲಿ ಬಾಯಿ ಇನ್ನಷ್ಟು ಮೇಲಿರುತ್ತದೆ. 25 ಮೀಟರ್‌ನಂಥ ಹತ್ತಿರದಲ್ಲಿ ಇದೇ ಗೆಲ್ಲುತ್ತದೆ. ಆದ್ದರಿಂದ ಈಡು ಗಟ್ಟಿಯಾಗುವವರೆಗೆ ಗುಂಡು ಎಲ್ಲಿ ಬೀಳುತ್ತಿದೆ ಅಂತ ನೋಡಬೇಡಿ, ಎಷ್ಟು ಹತ್ತಿರ ಹತ್ತಿರ ಬೀಳುತ್ತಿವೆ ಅಂತ ಮಾತ್ರ ನೋಡಿ.

ಮೂರನೇ ತಿಂಗಳ ಕೊನೆಗೆ 20ರಿಂದ 22 ಗ್ರೇನ್ ನಡುವೆ ಗುಂಪು 110 ಮಿಲಿಮೀಟರ್‌ಗೆ ಬಂದು ನಿಂತಿತು. ಅದಕ್ಕಿಂತ ಚಿಕ್ಕದಾಗಲಿಲ್ಲ. ಪಿಸ್ತೂಲೇ ಸರಿಯಿಲ್ಲ, ಮಾರಿಬಿಡೋಣ ಅಂತ ಎರಡು ಸಲ ಯೋಚಿಸಿದೆ. ಆಗ ನಮ್ಮ ಜೊತೆ ಹೊಡೆಯುವ ಹಿರಿಯರೊಬ್ಬರು ನನ್ನ ಲೆಕ್ಕದ ಪುಸ್ತಕ ತಿರುವಿ ನೋಡಿ, "ಮದ್ದಿನ ಲೆಕ್ಕ ಎಲ್ಲಾ ಬರೆದಿದ್ದೀರಿ. ನಿಮ್ಮ ಬಟ್ಟೆ ಎಲ್ಲಿ, ತೋರಿಸಿ" ಅಂದರು. ಬಟ್ಟೆ ಅಂದರೆ ಗುಂಡಿಗೆ ಸುತ್ತುವ ತುಂಡು. ಹೊಡೆದ ಮೇಲೆ ಅದು ಮುಂದೆ ಕೆಲವು ಮೀಟರ್ ದೂರದಲ್ಲಿ ಬೀಳುತ್ತದೆ. ಮೂರು ತಿಂಗಳಲ್ಲಿ ನಾನು ಒಂದನ್ನೂ ಎತ್ತಿ ನೋಡಿರಲಿಲ್ಲ. ಎಲ್ಲರೂ ಹೊಡೆಯುವುದು ನಿಲ್ಲಿಸಿ ಆಯುಧ ಕೆಳಗಿಟ್ಟ ಮೇಲೆ ಹೋಗಿ ಆರು ತುಂಡು ಹೆಕ್ಕಿ ತಂದೆ. ಆರರಲ್ಲೂ ನಡುವೆ ಸುಟ್ಟು ತೂತಾಗಿತ್ತು. ಅವರು ಒಂದನ್ನು ಬೆಳಕಿಗೆ ಹಿಡಿದು, "ಇದರ ಮೇಲೆ ಮದ್ದು ಯಾವುದಾದರೇನು" ಅಂದರು.

ನಿಜವಾದ ಕೆಲಸ ಅಲ್ಲಿಂದ ಶುರುವಾಯಿತು.

ಬಟ್ಟೆ ಏನು ಮಾಡುತ್ತದೆ ಅಂತ ಅರ್ಥ ಮಾಡಿಕೊಳ್ಳಿ. ನನ್ನ ನಳಿಗೆ 11.43 ಮಿಲಿಮೀಟರ್, ಗುಂಡು 11.18. ನಡುವಿನ ಜಾಗವನ್ನು ತುಂಬುವುದು ಬಟ್ಟೆ. ನಳಿಗೆಯೊಳಗಿನ ಸುರುಳಿ ಗೆರೆಗಳ ತಿರುಗನ್ನು ಗುಂಡಿಗೆ ಮುಟ್ಟಿಸುವುದೂ ಅದೇ, ಹಿಂದಿನಿಂದ ಬರುವ ಬಿಸಿ ಗಾಳಿಯನ್ನು ತಡೆಯುವುದೂ ಅದೇ. ತೆಳುವಾಗಿದ್ದರೆ ಗಾಳಿ ಪಕ್ಕದಿಂದ ನುಗ್ಗುತ್ತದೆ, ಬಟ್ಟೆ ಸುಡುತ್ತದೆ, ಒಂದೊಂದು ಗುಂಡೂ ಒಂದೊಂದು ವೇಗದಲ್ಲಿ ಹೋಗುತ್ತದೆ. ನನ್ನದು 0.2 ಮಿಲಿಮೀಟರ್ ಇತ್ತು. 0.25 ಹಾಕಿದೆ, ಅಂಚಿನಲ್ಲಿ ಮಾತ್ರ ಸುಟ್ಟಿತು. 0.38ರ ಒತ್ತು ನೇಯ್ಗೆಯ ಹತ್ತಿ ಬಟ್ಟೆ ಹಾಕಿದಾಗ, ಎತ್ತಿ ತಂದ ತುಂಡುಗಳನ್ನು ಇನ್ನೊಂದು ಸಲ ಬಳಸಬಹುದು ಅನ್ನುವಂತಿದ್ದವು. ನಡುವೆ ಬೂದು ಬಣ್ಣದ ವೃತ್ತ, ಸುತ್ತ ಗೆರೆಗಳ ಗುರುತು, ಅಂಚು ನೂಲು ನೂಲಾಗಿದೆ, ಎಲ್ಲೂ ತೂತಿಲ್ಲ. ನೀವು ಹುಡುಕಬೇಕಾದದ್ದು ಈ ಚಿತ್ರ. ಒಂದೇ ಜಾಗದಲ್ಲಿ ಬ್ಲೇಡಿನಿಂದ ಕೊಯ್ದ ಹಾಗೆ ಕಾಣಿಸಿದರೆ ಅದು ಸುಟ್ಟದ್ದಲ್ಲ, ನಳಿಗೆಯ ಬಾಯಿಯ ಅಂಚು ಚೂಪಾಗಿದೆ. ಅದನ್ನು ಗೊತ್ತಿದ್ದವರಿಂದಲೇ ನಯ ಮಾಡಿಸಿ.

ಬಟ್ಟೆ ಕೊಂಡ ಮೇಲೆ ಒಗೆಯಿರಿ, ಹೊಸ ಬಟ್ಟೆಯ ಗಂಜಿ ಹೋಗಬೇಕು. ಒಗೆದ ಮೇಲೆ ಅಳತೆ ಮಾಡಿ, ಒಗೆಯುವ ಮೊದಲು ಅಲ್ಲ. ಜಿಡ್ಡಿಗೆ ಜೇನುಮೇಣ ಮತ್ತು ಆಲಿವ್ ಎಣ್ಣೆ ಕರಗಿಸಿ ಬೆರೆಸುತ್ತೇನೆ. ಗಾಡಿಗೆ ಹಾಕುವ ಗ್ರೀಸ್ ಬೇಡ, ಅದು ಕಪ್ಪು ಮದ್ದಿನ ಮಸಿ ಜೊತೆ ಸೇರಿ ಡಾಂಬರಿನ ಹಾಗೆ ಅಂಟಿಕೊಳ್ಳುತ್ತದೆ. ಎಲ್ಲಾ ತುಂಡಿಗೂ ಒಂದೇ ಪ್ರಮಾಣದ ಜಿಡ್ಡು ಇರಬೇಕು. ಅದಕ್ಕೇ ಒಟ್ಟಿಗೆ ಅದ್ದಿ, ಹಿಂಡಿ, ಡಬ್ಬಿಯಲ್ಲಿ ಇಡುತ್ತೇನೆ.

ಒಂದೇ ದಿನದಲ್ಲಿ ಗುಂಪು 110ರಿಂದ 75ಕ್ಕೆ ಇಳಿಯಿತು. ಮದ್ದು ಒಂದು ಗ್ರೇನ್ ಕೂಡ ಬದಲಾಗಿರಲಿಲ್ಲ. ಆ ಸಂಜೆ ಮನೆಗೆ ಬರುವಾಗ ಎಷ್ಟು ಹಗುರಾಗಿದ್ದೆ ಅಂದರೆ ಹೇಳಲಾರೆ.

ಆಮೇಲೆ ರವೆ. ಹೌದು, ಅಡುಗೆ ಮನೆಯ ಸಣ್ಣ ರವೆ. ಮದ್ದು ಹಾಕಿದ ಮೇಲೆ ಅದರ ಅರ್ಧದಷ್ಟು ಅಳತೆಯ ರವೆ, ಅದರ ಮೇಲೆ ಗುಂಡು. ರವೆ ಬಟ್ಟೆಯನ್ನು ಬೆಂಕಿಯಿಂದ ಕಾಯುತ್ತದೆ, ಜಿಡ್ಡು ಮದ್ದಿಗೆ ಇಳಿಯದಂತೆ ತಡೆಯುತ್ತದೆ. ಗುರಿ ಹೊಡೆಯುವವರಲ್ಲಿ ಇದು ಹಳೆಯ ರೂಢಿ. ನನಗೆ ಇದರಿಂದ ಸ್ವಲ್ಪವೇ ಲಾಭವಾಯಿತು, ಆದರೆ ಹತ್ತರಲ್ಲಿ ಒಂದು ಗುಂಡು ದೂರ ಹಾರುತ್ತಿದ್ದದ್ದು ನಿಂತಿತು. ಇಲ್ಲೊಂದು ಎಚ್ಚರಿಕೆ ಇದೆ. ಮದ್ದು, ರವೆ, ಗುಂಡು ಮೂರೂ ಒಂದಕ್ಕೊಂದು ತಾಗಿ ಕೂತಿರಬೇಕು. ಗುಂಡಿನ ಕೆಳಗೆ ಖಾಲಿ ಜಾಗ ಉಳಿದರೆ ನಳಿಗೆ ಉಬ್ಬುತ್ತದೆ ಅಥವಾ ಒಡೆಯುತ್ತದೆ. ಅದಕ್ಕೆ ನನ್ನ ಗಜದ ಮೇಲೆ ಗುರುತು ಹಾಕಿಕೊಂಡಿದ್ದೇನೆ. ಪ್ರತಿ ಈಡಿಗೂ ಆ ಗುರುತು ಬಾಯಿಯ ಮಟ್ಟಕ್ಕೆ ಬಂದಿದೆಯಾ ಅಂತ ನೋಡದೆ ಕೇಪು ಮುಟ್ಟುವುದಿಲ್ಲ.

ಗುಂಡಿನ ಬಗ್ಗೆ ಬೇಗ ಹೇಳುತ್ತೇನೆ. ಮೆತ್ತನೆಯ ಶುದ್ಧ ಸೀಸವೇ ಆಗಬೇಕು. ಸೀಸ ಸುಮಾರು 327 ಡಿಗ್ರಿಯಲ್ಲಿ ಕರಗುತ್ತದೆ, ಎರಕಕ್ಕೆ ಇನ್ನೂ ಬಿಸಿ ಬೇಕು. ಗುಂಡು ಸುಕ್ಕು ಸುಕ್ಕಾಗಿ ಬಂದರೆ ಅಚ್ಚು ತಣ್ಣಗಿದೆ, ಮಂಜು ಹಿಡಿದ ಹಾಗೆ ಬಂದರೆ ಬಿಸಿ ಜಾಸ್ತಿಯಾಗಿದೆ. ನನ್ನ ಅಳತೆಯ ಗುಂಡು 128 ಗ್ರೇನ್ ತೂಗಬೇಕು. ನಾನು ಅರ್ಧ ಗ್ರೇನ್‌ಗಿಂತ ಜಾಸ್ತಿ ಕಡಿಮೆ ಬಂದದ್ದನ್ನೆಲ್ಲ ಮತ್ತೆ ಕರಗಿಸುತ್ತೇನೆ, ಒಳಗೆ ಗಾಳಿಗುಳ್ಳೆ ಇರುತ್ತದೆ. ಅಚ್ಚಿನ ಬಾಯಿಯಲ್ಲಿ ಉಳಿದ ಚಪ್ಪಟೆ ಗುರುತು ಯಾವಾಗಲೂ ಮೇಲೆ ಬರುವಂತೆ ತುಂಬಿ. ಬಯಲಲ್ಲಿ, ಗಾಳಿ ಆಡುವ ಕಡೆ ಎರಕ ಹೊಯ್ಯಿರಿ, ಆಮೇಲೆ ಕೈ ತೊಳೆಯಿರಿ. ಕರಗಿದ ಸೀಸದ ಹತ್ತಿರ ನೀರಿನ ಒಂದು ಹನಿಯೂ ಬರಬಾರದು, ಒಳಗೆ ಬಿದ್ದರೆ ಸೀಸ ಮುಖಕ್ಕೆ ಸಿಡಿಯುತ್ತದೆ.

ಮಸಿ ಇನ್ನೊಂದು ತಲೆನೋವು. ಮೊದಲ ನಾಲ್ಕೈದು ಈಡು ಚೆನ್ನಾಗಿ ಇಳಿಯುತ್ತಿದ್ದವು, ಆಮೇಲೆ ಗಜ ಒತ್ತಲು ಎರಡು ಕೈ ಬೇಕಾಗುತ್ತಿತ್ತು, ಗುಂಪು ಅಲ್ಲಿಂದ ಹರಡುತ್ತಿತ್ತು. ಒಣ ಹವೆಯ ದಿನ ಮಸಿ ಗಟ್ಟಿ, ತೇವದ ದಿನ ಮೆತ್ತಗೆ. ಈಗ ಪ್ರತಿ ಈಡಾದ ಮೇಲೂ ಒದ್ದೆ ಬಟ್ಟೆ ಒಂದು, ಒಣ ಬಟ್ಟೆ ಒಂದು ಎಳೆಯುತ್ತೇನೆ. ಒದ್ದೆ ಅಂದರೆ ಹಿಂಡಿದ ಒದ್ದೆ, ನೀರು ತೊಟ್ಟಿಕ್ಕಿದರೆ ನಿಪ್ಪಲಿಗೆ ಹೋಗಿ ಕೂರುತ್ತದೆ. 13 ಈಡಿಗೂ ಇದನ್ನು ಮಾಡಿದರೆ 30 ನಿಮಿಷ ಸಾಲುವುದಿಲ್ಲ ಅಂತ ಹೆದರಿದ್ದೆ, ಆದರೆ ಅಭ್ಯಾಸವಾದರೆ ಸಾಕಾಗುತ್ತದೆ. ಸ್ವಚ್ಛ ನಳಿಗೆಯ ಮೊದಲ ಗುಂಡು ನನ್ನದರಲ್ಲಿ ಯಾವಾಗಲೂ ಬೇರೆ ಕಡೆ ಹೋಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಐದನೇ ತಿಂಗಳಿಗೆ 20 ಗ್ರೇನ್, 0.38ರ ಬಟ್ಟೆ, ರವೆ, ಒರೆಸುವ ಕ್ರಮ ಎಲ್ಲಾ ಸೇರಿ 60 ಮಿಲಿಮೀಟರ್. ಮುಗಿಯಿತು ಅಂದುಕೊಂಡೆ. ಆರನೇ ತಿಂಗಳಲ್ಲಿ ಯಾವ ಕಾರಣವೂ ಕಾಣದೆ ಅದು 90 ಆಯಿತು. ಮದ್ದು ಅದೇ ಡಬ್ಬಿ, ಬಟ್ಟೆ ಅದೇ ಥಾನು. ಮೂರು ಭಾನುವಾರ ಹಾಳಾದವು. ನನ್ನ ಕೈಯೇ ನಡುಗುತ್ತಿದೆ ಅಂತ ಇನ್ನೊಬ್ಬರ ಕೈಗೆ ಕೊಟ್ಟು ಹೊಡೆಸಿದೆ, ಅವರಿಗೂ ಅಷ್ಟೇ. ಆ ದಿನಗಳಲ್ಲಿ ನಿದ್ದೆ ಕೂಡ ಸರಿಯಾಗಿ ಬರಲಿಲ್ಲ.

ಸುಳಿವು ಕಣ್ಣ ಮುಂದೆಯೇ ಇತ್ತು. ಹೊಡೆದ ಮೇಲೆ ಕೆಲವು ಸಲ ಕುದುರೆ ತಾನಾಗಿ ಅರ್ಧ ಹಿಂದಕ್ಕೆ ಬಂದು ನಿಲ್ಲುತ್ತಿತ್ತು, ಕೇಪು ಚೂರು ಚೂರಾಗಿ ಸಿಡಿದಿರುತ್ತಿತ್ತು. ನಿಪ್ಪಲ್ ಬಿಚ್ಚಿ, ತೆಳು ಡ್ರಿಲ್ ಬಿಟ್‌ಗಳ ಹಿಂಬದಿ ತೂರಿಸಿ ರಂಧ್ರ ಅಳೆದೆ. ಹೊಸತರಲ್ಲಿ 0.7 ಮಿಲಿಮೀಟರ್ ಆಸುಪಾಸು ಇರುವ ರಂಧ್ರಕ್ಕೆ 1 ಮಿಲಿಮೀಟರಿನ ಬಿಟ್ ಸಲೀಸಾಗಿ ಹೋಯಿತು. ಬಳಸಿದ ಪಿಸ್ತೂಲು ಅಂದೆನಲ್ಲ, ಹಿಂದಿನವರು ಹೊಡೆದದ್ದು, ನಾನು ಹೊಡೆದದ್ದು ಎಲ್ಲಾ ಸೇರಿ ಬಿಸಿ ಗಾಳಿ ಆ ರಂಧ್ರವನ್ನು ಕೊರೆದು ದೊಡ್ಡದು ಮಾಡಿತ್ತು. ಗುಂಡನ್ನು ತಳ್ಳಬೇಕಾದ ಒತ್ತಡ ಹಿಂದಕ್ಕೆ ಸೋರುತ್ತಿತ್ತು, ಒಂದೊಂದು ಈಡಿಗೆ ಒಂದೊಂದು ರೀತಿ. ಹೊಸ ನಿಪ್ಪಲ್ ಈ ಎಂಟು ತಿಂಗಳಲ್ಲಿ ನಾನು ಕೊಂಡ ವಸ್ತುಗಳಲ್ಲೆಲ್ಲ ತೀರಾ ಅಗ್ಗದ್ದು. ಹಾಕಿದ ದಿನವೇ ಗುಂಪು 50 ಆಯಿತು. ಈಗ ಎರಡು ಹೆಚ್ಚಿಗೆ ಇಟ್ಟುಕೊಂಡಿದ್ದೇನೆ. ಬಳಸಿದ ಪಿಸ್ತೂಲು ಕೊಳ್ಳುವವರು ಹೊಡೆಯುವ ಮೊದಲೇ ನಿಪ್ಪಲ್ ಬದಲಾಯಿಸಿಬಿಡಿ. ನಿಪ್ಪಲಿನ ಸ್ಕ್ರೂ ಎಳೆಯ ಅಳತೆ ಬೇರೆ ಬೇರೆ ಇರುತ್ತದೆ, ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಕೊನೆಯ ಎರಡು ತಿಂಗಳು ಸಣ್ಣ ಕೆಲಸ. ಒಂದೊಂದೇ ಗ್ರೇನ್ ಬದಲಿಸಿ 18ರಿಂದ 23ರವರೆಗೆ ಮತ್ತೆ ಹೊಡೆದೆ, ಹತ್ತು ಹತ್ತು ಗುಂಡು. 21 ಗೆದ್ದಿತು, 20 ಅದರ ಬೆನ್ನಿಗೇ ಇತ್ತು. ದಿಂಬಿನ ಮೇಲೆ 21 ಚೆನ್ನಾಗಿದ್ದರೂ ಒಂದೇ ಕೈಯಲ್ಲಿ ನಿಂತು ಹೊಡೆಯುವಾಗ 20ರಲ್ಲಿ ನನ್ನ ಅಂಕ ಜಾಸ್ತಿ ಬಂತು, ಒದೆತ ಸ್ವಲ್ಪ ಕಡಿಮೆ. 20ಕ್ಕೇ ನಿಂತೆ. ಮೊದಲು ಹೇಳಿದ ಆ 45 ಮಿಲಿಮೀಟರಿನ ಗುಂಪು 20ರದ್ದೇ. ಗುಂಡನ್ನು ಕೂರಿಸುವ ಒತ್ತಡವೂ ಪ್ರತಿ ಸಲ ಒಂದೇ ಆಗಿರಬೇಕು. ಗಜವನ್ನು ಮೇಲಿಂದ ಕುಟ್ಟುವವರನ್ನು ನೋಡಿದ್ದೇನೆ, ಹಾಗೆ ಮಾಡಿದರೆ ಗುಂಡು ಚಪ್ಪಟೆಯಾಗುತ್ತದೆ, ಮದ್ದಿನ ಕಾಳು ಪುಡಿಯಾಗುತ್ತದೆ.

ಈಡು ಗಟ್ಟಿಯಾದ ಮೇಲಷ್ಟೇ ಗುರಿ ನೋಡುವ ಸೈಟ್ ಮುಟ್ಟಿ. ನನ್ನದು ಕೆಳಗೆ ಬೀಳುತ್ತಿತ್ತು. ಮುಂದಿನ ಸೈಟನ್ನು ಅರದಿಂದ ಉಜ್ಜಿ ಗಿಡ್ಡ ಮಾಡಿದರೆ ಗುಂಡು ಮೇಲೆ ಬರುತ್ತದೆ. ನಾಲ್ಕು ಸಲ ಉಜ್ಜು, ಐದು ಗುಂಡು ಹೊಡೆ, ಮತ್ತೆ ನಾಲ್ಕು ಸಲ ಉಜ್ಜು. ಅವಸರ ಬೇಡ, ಉಜ್ಜಿದ್ದನ್ನು ಮತ್ತೆ ಬೆಳೆಸಲು ಆಗುವುದಿಲ್ಲ. ಹಿಂದಿನ ಸೈಟನ್ನು ಗುಂಡು ಯಾವ ಕಡೆ ಹೋಗಬೇಕೋ ಆ ಕಡೆಗೆ ಸರಿಸಬೇಕು.

ಖರ್ಚಿನ ಬಗ್ಗೆ ಕೇಳುವವರಿಗೆ ಲೆಕ್ಕ ಹೀಗೆ. 20 ಗ್ರೇನ್‌ನಂತೆ ಒಂದು ಕಿಲೋ ಮದ್ದಿನಲ್ಲಿ ಸುಮಾರು 770 ಈಡು ಸಿಗುತ್ತದೆ. ನಾನು ಹುಡುಕಾಟದಲ್ಲೇ ಒಂದು ಕಿಲೋ ಮುಗಿಸಿದೆ. ಕೇಪೂ ಅಷ್ಟೇ ಬೇಕು, ಮತ್ತೆ ಕೇಪು ಎಲ್ಲಾ ಕಾಲದಲ್ಲೂ ಸಿಗುವುದಿಲ್ಲ. ಸಿಕ್ಕಾಗ ಒಂದೇ ತಯಾರಿಕೆಯದು, ಒಂದೇ ಅಳತೆಯದು ಇಟ್ಟುಕೊಳ್ಳಿ. ಹೊಡೆದ ದಿನವೇ ನಳಿಗೆಯನ್ನು ಬಿಸಿನೀರು, ಸೋಪಿನಿಂದ ತೊಳೆದು ಒಣಗಿಸಿ ಎಣ್ಣೆ ಹಚ್ಚಿ. ಮಸಿ ಗಾಳಿಯ ತೇವ ಹೀರುತ್ತದೆ, ಒಂದು ರಾತ್ರಿ ಬಿಟ್ಟರೂ ತುಕ್ಕು ಕಾಣಿಸುತ್ತದೆ.

ಹೊಸ ಡಬ್ಬಿ ಮದ್ದು ನಿನ್ನೆ ಬಂತು, ಅದೇ ತಯಾರಿಕೆ, ಅದೇ ಕಾಳು, ಆದರೆ ಡಬ್ಬಿಯ ಮೇಲಿನ ಲಾಟ್ ನಂಬರ್ ಬೇರೆ. ಭಾನುವಾರ 18ರಿಂದ ಮತ್ತೆ ಶುರು, ಬಟ್ಟೆಗಳನ್ನು ಹೆಕ್ಕಿ ಹಾಕಲು ಒಂದು ಡಬ್ಬಿ ಈಗಲೇ ಚೀಲದಲ್ಲಿ ಇಟ್ಟಿದ್ದೇನೆ.